ಹಂದಿಗೊಂದು ಚೊಂಬು ನೀರು

ನಮ್ಮ ಬೀದಿಯಲ್ಲಿ ಹೊತ್ತಿಗೆ ಸರಿಯಾಗಿ ಬರುವ ಜೀವ ಒಂದೇ ಒಂದು, ಅದು ಹಂದಿ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ನೀರಿಗೇ ಗೊತ್ತಿರುವುದಿಲ್ಲ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ನಿವೃತ್ತನಾದ ಮೇಲೆ ನಾನಂತೂ ಗಡಿಯಾರದ ಹಂಗನ್ನೇ ಬಿಟ್ಟಿದ್ದೇನೆ. ಆದರೆ ಬಿಸಿಲು ನೆತ್ತಿಗೇರಿತೆಂದರೆ ಸಾಕು, ನಮ್ಮ ಗೇಟಿನ ಮುಂದೆ ಒಂದು ಕರಿ ಹಂದಿ ಹಾಜರು. ಅದು ಬಂದದ್ದೇ ತಡ, ನನ್ನ ಹೆಂಡತಿ ಸರೋಜ ಚೊಂಬಿನ ತುಂಬ ನೀರು ತಂದು, "ಹೋಗಾಚೆ, ದರಿದ್ರದ್ದೇ!" ಎಂದು ಅದರ ಮೈಮೇಲೆ ರಪ್ಪನೆ ಎರಚುತ್ತಾಳೆ. ಹಂದಿ ಕಿವಿ ಒದರಿ, ಒಂದು ಕ್ಷಣ ಅವಳ ಮುಖ ನೋಡಿ, ಗಡಿಬಿಡಿಯಿಲ್ಲದೆ ನಡೆದುಹೋಗುತ್ತದೆ. ಮರುದಿನ ಬಿಸಿಲೇರಿದಾಗ ಮತ್ತೆ ಬರುತ್ತದೆ.

"ಎಷ್ಟು ಓಡಿಸಿದ್ರೂ ಬರ್ತದಲ್ಲ ರೀ, ಮಾನ ಮರ್ಯಾದೆ ಇಲ್ದಿದ್ದು" ಎಂದು ಅವಳು ನನ್ನ ಕಡೆ ನೋಡಿ ಹೇಳುತ್ತಾಳೆ. ಮಾತು ಹಂದಿಯದೋ ನನ್ನದೋ ಎಂದು ನಾನು ವಿಚಾರಿಸಲು ಹೋಗುವುದಿಲ್ಲ.

ಸರೋಜಳಿಗೆ ಹಂದಿಯೆಂದರೆ ಆಗದು ಎಂದರೆ ಸಾಲದು. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವ ಮೊದಲು ನಮ್ಮ ಮನೆಯಲ್ಲಿ ಆ ಹೆಸರನ್ನೇ ಎತ್ತುವಂತಿಲ್ಲ. ದೀಪ ಹಚ್ಚಿದ ಮೇಲೂ ಅವಳು ಎತ್ತುವುದಿಲ್ಲ, "ಅದು" ಎನ್ನುತ್ತಾಳೆ. ಶನಿವಾರ ತಪ್ಪದೆ ಕೆಂಗಲ್ ಆಂಜನೇಯನ ಗುಡಿಗೆ ಹೋಗುವವಳು, ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಮೊದಲ ಸಾಲಿನಲ್ಲಿ ಕೂರುವವಳು. ಅಂಥವಳ ಮೊಮ್ಮಗಳ ಪಾಲಿಗೆ ಈ ವರ್ಷ ಶಾಲೆಯಲ್ಲಿ "ಅದು" ಬಂತು.

ಮೊಮ್ಮಗಳ ಹೆಸರು ಇಂಚರ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಮಗುವಿನ ಹಗಲೆಲ್ಲ ನಮ್ಮ ಪಾಲಿನದು. ಮನೆಯಲ್ಲಿ ಅವಳ ಇಂಚರ ನಿಲ್ಲಿಸಬೇಕೆಂದರೆ ಬಾಯಿಗೆ ಲಾಡು ತುರುಕಬೇಕು. ಆದರೆ ಶಾಲೆಯ ಹೊಸಿಲು ದಾಟಿದಳೋ, ಬಾಯಿಗೆ ಬೀಗ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದವಳು ದೀಪಾವಳಿ ಕಳೆದರೂ ಅಲ್ಲಿ ಒಂದು ಅಕ್ಷರ ಆಡಿರಲಿಲ್ಲ. ಪದ್ಯ ಹೇಳುವುದು ಹಾಗಿರಲಿ, "ಮಿಸ್, ಒಂದಕ್ಕೆ" ಎನ್ನುವುದಕ್ಕೂ ಅವಳಿಗೆ ಬಾಯಿ ಬಾರದು. ತಡೆದುಕೊಂಡು, ತಡೆದುಕೊಂಡು, ಕಡೆಗೆ ಕೂತಲ್ಲೇ ಆಗಿಬಿಡುತ್ತಿತ್ತು. ಮಧ್ಯಾಹ್ನ ಕರೆತರಲು ಹೋದರೆ ಒದ್ದೆ ಫ್ರಾಕಿನಲ್ಲಿ, ತಲೆ ತಗ್ಗಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ದಾರಿಯುದ್ದಕ್ಕೂ ನನ್ನ ಕಿರುಬೆರಳು ಹಿಡಿದು ಮೌನವಾಗಿ ನಡೆಯುತ್ತಿದ್ದಳು. ಡಾಕ್ಟರು, "ಬಲವಂತ ಮಾಡಬೇಡಿ, ತಾನಾಗೇ ಮಾತಾಡ್ತಾಳೆ" ಎಂದಿದ್ದರು. ಅವಳ ಟೀಚರ್ ಆಶಾ ಮಿಸ್ ಒಳ್ಳೆಯ ಹುಡುಗಿ, ಗದರಿದವಳಲ್ಲ. ಆದರೆ ಜೊತೆಯ ಮಕ್ಕಳು ಮೂಗು ಮುಚ್ಚಿಕೊಳ್ಳಲು ಶುರುಮಾಡಿದ್ದವು. ಒಂದು ದಿನ ಇಂಚರ, "ತಾತ, ನಾನು ಇನ್ಮೇಲೆ ನೀರೇ ಕುಡಿಯಲ್ಲ" ಎಂದಳು.

ಅಂಥ ಹೊತ್ತಿನಲ್ಲಿ ಬಂತು ಪ್ರಾಣಿಗಳ ದಿನ. ಒಂದೊಂದು ಮಗುವೂ ಒಂದೊಂದು ಪ್ರಾಣಿಯ ವೇಷ ಹಾಕಿ, ವೇದಿಕೆಯ ಮೇಲೆ ಅದರಂತೆ ಕೂಗಿ, ಅದರ ವಿಷಯ ಎರಡು ಮಾತು ಹೇಳಬೇಕು. ಜಗಳ ಬೇಡವೆಂದು ಆಶಾ ಮಿಸ್ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದ್ದಳು. ಯಾರಿಗೋ ಸಿಂಹ, ಯಾರಿಗೋ ಮೊಲ, ಪಕ್ಕದ ಮನೆಯ ಹುಡುಗನಿಗೆ ಆನೆ. ನಮ್ಮವಳ ಚೀಟಿಯಲ್ಲಿ ಹಂದಿ.

ಸರೋಜ ಅಂದು ಒಲೆ ಹಚ್ಚಲಿಲ್ಲ. "ಮಾತಿಲ್ಲ ಕತೆಯಿಲ್ಲ ಅಂತ ಮೊದಲೇ ಮಗೀನ್ನ ಆಡ್ಕತಾವೆ. ಅದರ ಮೇಲೆ ಇದೊಂದು ಬೇರೆ! ನಾಳೆಯಿಂದ ಹೆಸರೇ ಹಂಗೆ ಕರೀತಾವೆ, ನೋಡ್ತಿರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮರುದಿನವೇ ಶಾಲೆಗೆ ಹೋಗಿ ಹಸುವಿಗೆ ಬದಲಾಯಿಸಿಕೊಡಿ ಎಂದು ಕೇಳಿದಳು. ಹಸು ಆಗಲೇ ಯಾರದೋ ಪಾಲಾಗಿತ್ತು. ಕಡೆಗೆ ನಾಯಿಯಾದರೂ ಆದೀತು ಎಂದು ಕೆಳಗಿಳಿದಳಂತೆ. ಅದಕ್ಕೆ ಆಶಾ ಮಿಸ್, "ಆಂಟಿ, ಚೀಟಿ ನೋಡಿದಾಗ ಇಂಚರ ಮೊದಲನೇ ಸಲ ಸ್ಕೂಲಲ್ಲಿ ನಕ್ಕಳು. ಇರಲಿ ಬಿಡಿ" ಎಂದಳಂತೆ.

ಮಗುವಿಗೆ ಹಂದಿಯ ವಿಷಯ ಕಲಿಸುವ ಭಾರ ನನ್ನ ತಲೆಗೆ ಬಂತು. ನಾನು ರೇಷ್ಮೆ ಇಲಾಖೆಯಲ್ಲಿ ದುಡಿದವನು. ರಾಮನಗರ, ಕನಕಪುರ, ಮಾಗಡಿ ಎಂದು ಊರೂರು ಅಲೆದು, ಹುಳಕ್ಕೆ ಸೊಪ್ಪು ಹೇಗೆ ಹಾಕಬೇಕು, ಹಣ್ಣಾದ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಯಾವಾಗ ಬಿಡಬೇಕು ಎಂದು ದೊಡ್ಡ ದೊಡ್ಡ ಮೀಸೆಯವರಿಗೆಲ್ಲ ಪಾಠ ಹೇಳಿದವನು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: "ಹಂದಿಯು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ."

"ಮೇಜಿಗೂ ನಾಲ್ಕು ಕಾಲಿದೆಯಲ್ಲ ತಾತ" ಎಂದಳು ಇಂಚರ.

ನಮ್ಮ ಕಾಲದಿಂದಲೂ ಪ್ರಾಣಿಗಳ ಪಾಠ ಹೀಗೇ. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಇಷ್ಟು ಬರೆದರೆ ಪಾಸು. ಹಸು ಸಂತೋಷವಾದಾಗ ಏನು ಮಾಡುತ್ತದೆ, ಬೇಜಾರಾದಾಗ ಎಲ್ಲಿ ನಿಲ್ಲುತ್ತದೆ ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ, ನಾವೂ ನೋಡಲಿಲ್ಲ. ಹಂದಿಯ ಬಗ್ಗೆಯಂತೂ ನನಗೆ ಗೊತ್ತಿದ್ದದ್ದು ಬೈಗುಳ ಮಾತ್ರ. ಹಂದಿ ಜೊತೆ ಸೇರಿದ ಕರು ಹೇಲು ತಿಂತು ಎಂಬ ಗಾದೆ ಗೊತ್ತಿತ್ತು. ಅದನ್ನು ವೇದಿಕೆಯ ಮೇಲೆ ಹೇಳಿಸುವಂತಿರಲಿಲ್ಲ. "ಅದು ಯಾಕೆ ಕೊಚ್ಚೆಯಲ್ಲಿ ಮಲಗುತ್ತೆ? ಅದಕ್ಕೆ ಅಮ್ಮ ಬೈಯಲ್ವಾ? ಅದರ ಮೂಗು ಯಾಕೆ ಪ್ಲಗ್ ಪಾಯಿಂಟ್ ಥರ ಇದೆ?" ಎಂದು ಅವಳು ಒಂದರ ಹಿಂದೆ ಒಂದು ಪ್ರಶ್ನೆ ಎಸೆದಾಗ ನಾನು ಪೇಪರ್ ಹಿಡಿದು ಮುಖ ಮುಚ್ಚಿಕೊಂಡೆ.

ಅಷ್ಟರಲ್ಲಿ ಸರೋಜಳಿಗೆ ಬೇರೆಯೇ ದಾರಿ ಹೊಳೆದಿತ್ತು. "ಅದು ಅಂದ್ರೆ ವರಾಹಸ್ವಾಮಿ ಅಲ್ವೇನ್ರೀ?" ಎಂದಳು ಒಂದು ಸಂಜೆ, ದೀಪ ಹಚ್ಚಿ ಬಂದವಳು. ಮುಖದಲ್ಲಿ ಗೆದ್ದ ಕಳೆ. ಹಂದಿ ಕೀಳಾದರೇನು, ವರಾಹ ದೇವರಲ್ಲವೆ? ಮಗುವಿಗೆ ಕಿರೀಟ, ಕೋರೆ, ಪೀತಾಂಬರ, ಕೈಯಲ್ಲಿ ಭೂಮಂಡಲ. ಚೀಟಿಯ ಮಾತೂ ಉಳಿಯಿತು, ಮನೆಯ ಮರ್ಯಾದೆಯೂ ಉಳಿಯಿತು. ನಾನೂ ತಲೆದೂಗಿದೆ. ಯೋಚಿಸಿದರೆ ವಿಚಿತ್ರವೇ. ಹಿರಣ್ಯಾಕ್ಷ ಭೂಮಿಯನ್ನು ಹೊತ್ತುಕೊಂಡು ಹೋಗಿ ನೀರಿನ ತಳದಲ್ಲಿಟ್ಟಾಗ ಎತ್ತಿ ತರಲು ದೇವರು ಆನೆಯಾಗಲಿಲ್ಲ, ಸಿಂಹವೂ ಆಗಲಿಲ್ಲ. ಕೆಸರಿಗಿಳಿಯುವ ಕೆಲಸ, ಗೊತ್ತಿದ್ದವರೇ ಆಗಬೇಕು. ಚಾಲುಕ್ಯರು ಇದೇ ಪ್ರಾಣಿಯನ್ನು ತಮ್ಮ ಲಾಂಛನ ಮಾಡಿಕೊಂಡರು. ಚಿನ್ನದ ನಾಣ್ಯದ ಮೇಲೆ ಕೂತಾಗ ಅದರ ಹೆಸರೇ ನಾಣ್ಯದ ಹೆಸರಾಯಿತು. ಕಲ್ಲಿನಲ್ಲಿ, ಚಿನ್ನದಲ್ಲಿ ಇದ್ದರೆ ನಾವು ಕೈಮುಗಿಯುತ್ತೇವೆ, ಗೇಟಿನ ಮುಂದೆ ಬಂದರೆ ಚೊಂಬು ಹುಡುಕುತ್ತೇವೆ.

ಮರದ ಬೊಂಬೆಗೆ ಹೆಸರಾದ ನಮ್ಮೂರಲ್ಲಿ ಭೂಮಂಡಲಕ್ಕೆ ಬರವೇ? ಹಿಂದಿನ ಬೀದಿಯಲ್ಲಿ ಬೊಂಬೆ ಮಾಡುವವರ ಮನೆಗೆ ಹೋಗಿ ಹೇಳಿದೆ. ಹಾಲೆ ಮರದ ಗುಂಡು ಕಡೆದು, ನೀಲಿ ಅರಗು ಹಚ್ಚಿ, ಹಸಿರು ಪಟ್ಟೆ ಎಳೆದು, ತೆಂಗಿನಕಾಯಿ ಗಾತ್ರದ ಭೂಮಿಯನ್ನು ಸಂಜೆಯೊಳಗೆ ಕೈಗಿಟ್ಟರು. ಮಿರಮಿರ ಹೊಳೆಯುತ್ತಿತ್ತು.

ಆದರೆ ಮಗುವಿನ ಪ್ರಶ್ನೆಗಳು ಹಾಗೇ ಉಳಿದಿದ್ದವಲ್ಲ. ಭಾನುವಾರ ಅವಳನ್ನು ಸಾತನೂರಿನ ಬಸ್ಸಿಗೆ ಹತ್ತಿಸಿದೆ. ಅಲ್ಲಿಂದ ಒಳಗಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ಪರಿಚಯದ ಶಿವಲಿಂಗೇಗೌಡ ಇದ್ದಾನೆ. ಹಿಪ್ಪುನೇರಳೆ, ರೇಷ್ಮೆ, ಎರಡು ಸೀಮೆಹಸು, ಇವುಗಳ ಜೊತೆ ಈಚೆಗೆ ಬಿಳಿ ಹಂದಿಗಳನ್ನೂ ಸಾಕಿದ್ದಾನೆ. ಮಾತಿನ ಮಲ್ಲ. ಅವನ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬಬೇಕು.

"ಬನ್ನಿ ಸಾರ್, ಬನ್ನಿ! ಮಗೀಗೆ ಹಂದಿ ತೋರ್ಸಕೆ ಬಂದಿದ್ದೀರಾ? ಎಲ್ಲಾ ಮೈಸೂರು ಝೂಗೆ ಕರ್ಕೊಂಡೋದ್ರೆ ನೀವು ನನ್ ಮನೀಗೆ ಬಂದ್ಬುಟ್ರಿ" ಎಂದು ಹಿಗ್ಗಿದ. ಹುಣಸೆ ಮರದ ಆಚೆ ತಗಡಿನ ಮಾಡಿನ ಕೆಳಗೆ ಒಂದು ದೊಡ್ಡ ತಾಯಿ ಹಂದಿ ಮಗ್ಗುಲಾಗಿ ಮಲಗಿತ್ತು. ಗೌಡ ಅದಕ್ಕೆ ರಾಜಮ್ಮ ಎಂದು ಹೆಸರಿಟ್ಟಿದ್ದ. "ನಮ್ಮತ್ತೆ ಹೆಸರು ಸಾರ್. ಅವ್ರಿಗೆ ಹೇಳ್ಬ್ಯಾಡಿ" ಎಂದ.

ನಾನು ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದೆ. ಇಂಚರ ಕಟ್ಟೆಗೆ ಗಲ್ಲ ಊರಿ ನೋಡುತ್ತಿದ್ದಳು. ಮಲಗುವ ಕಡೆ ಒಣ ಹುಲ್ಲು, ಕಸವಿಲ್ಲ, ಹೊಲಸಿಲ್ಲ. ಇದ್ದಕ್ಕಿದ್ದಂತೆ ಮರಿಯೊಂದು ಎದ್ದು, ದೂರದ ಮೂಲೆಗೆ ಓಡಿ, ಅಲ್ಲಿ ತನ್ನ ಕೆಲಸ ಮುಗಿಸಿ ವಾಪಸು ಬಂತು.

"ಅದೇ ಅವುಗಳ ಕಕ್ಕಸ್ ಮೂಲೆ ಕಣವ್ವ," ಎಂದ ಗೌಡ. "ಜಾಗ ಕೊಟ್ರೆ ಮಲಗೋ ತಾವ ಗಲೀಜು ಮಾಡಾಕಿಲ್ಲ. ನಾವೇ ಒಸಿ ಜಾಗದಾಗೆ ಕೂಡಾಕ್ಬುಟ್ಟು, ಆಮೇಲೆ ಅದು ಕೊಳಕು ಅಂತೀವಿ."

ಇಂಚರ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಕೇಳಿದಳು: "ತಾತ, ಅದು ಮಿಸ್‌ನ ಕೇಳಿ ಹೋಗುತ್ತಾ?"

"ಇಲ್ಲ ಪುಟ್ಟಿ. ಬಂದಾಗ ಎದ್ದು ಹೋಗುತ್ತೆ."

"ಬೇರೆ ಮರಿಗಳು ನಗಲ್ವಾ?"

"ಯಾಕೆ ನಗ್ತವೆ? ಅವಕ್ಕೂ ಬರುತ್ತಲ್ಲ."

ಅವಳು ಬಹಳ ಹೊತ್ತು ಆ ಮೂಲೆಯನ್ನೇ ನೋಡಿದಳು. ನಾನು ಕರ್ಚೀಫನ್ನು ಮೂಗಿನಿಂದ ಕಣ್ಣಿಗೆ ಏರಿಸಬೇಕಾಯಿತು.

ಆಮೇಲೆ ಗೌಡನ ಬಾಯಿಗೆ ಬಿಡುವಿರಲಿಲ್ಲ. ಹಂದಿ ನಮ್ಮ ಹಾಗೆ ಬೆವರುವುದಿಲ್ಲವಂತೆ, ಅದಕ್ಕೇ ಬಿಸಿಲೇರಿದರೆ ನೀರು, ಕೆಸರು ಹುಡುಕುತ್ತದಂತೆ. ಮೈಗೆ ಮೆತ್ತಿದ ಕೆಸರೇ ಅದಕ್ಕೆ ಕೊಡೆಯಂತೆ. ಮರಿಗಳು ಹುಟ್ಟಿದ ನಾಲ್ಕಾರು ದಿನದಲ್ಲೇ ಇದು ನನ್ನ ಮೊಲೆ, ಅದು ನಿನ್ನದು ಎಂದು ಪಾಲು ಮಾಡಿಕೊಂಡು, ಆಮೇಲೆ ಅದಕ್ಕೇ ಬಾಯಿ ಹಾಕುತ್ತವಂತೆ. ಅಣ್ಣತಮ್ಮಂದಿರ ಪಾಲುಪಟ್ಟಿ ಇಷ್ಟು ಸುಲಭವಾಗಿ ಮುಗಿದದ್ದನ್ನು ನಾನು ಕಂಡಿಲ್ಲ. ಸುಮ್ಮನೆ ಕೂಡಿಹಾಕಿದರೆ ಬೇಜಾರಾಗಿ ಒಂದರ ಬಾಲ ಇನ್ನೊಂದು ಕಚ್ಚುತ್ತವೆಂದು ಗೌಡ ಒಳಗೆ ಹಳೆಯ ಫುಟ್‌ಬಾಲ್ ಎಸೆದಿದ್ದ. ಮರಿಗಳು ಅದನ್ನು ಮೂತಿಯಿಂದ ತಳ್ಳಿ ತಳ್ಳಿ ಆಡುತ್ತಿದ್ದವು. ಹಂದಿಗೆ ಇಂಗ್ಲಿಷ್ ತಿಳಿಯುತ್ತದೆ ಎಂದೂ ಗೌಡ ಹೇಳಿದ. ಅದನ್ನು ನಾನು ಕಳೆಯುವ ಅರ್ಧಕ್ಕೆ ಸೇರಿಸಿದೆ.

ಕಡೆಗೆ ರಾಜಮ್ಮ ಬಾಯಿ ತೆರೆದಳು. ಗುರ್... ಗುರ್... ಗುರ್... ಎಂದು ತಗ್ಗಿದ ದನಿಯಲ್ಲಿ, ತಾಳ ಹಾಕಿದ ಹಾಗೆ. ಚೆಂಡಿನ ಹಿಂದೆ ಓಡುತ್ತಿದ್ದ ಮರಿಗಳೆಲ್ಲ ಆಟ ಬಿಟ್ಟು ದಡದಡನೆ ತಾಯಿಯ ಹೊಟ್ಟೆಗೆ ಹೋಗಿ ಅಂಟಿಕೊಂಡವು. "ಹಾಲಿಗೆ ಕರೀತಾವ್ಳೆ," ಎಂದ ಗೌಡ. "ಅಮ್ಮನ ದನಿ ಮರೀಗೆ ಗೊತ್ತಾಯ್ತದೆ ಕಣವ್ವ. ಎಲ್ಲಿದ್ರೂ ಓಡಿ ಬತ್ತದೆ."

ಇಂಚರ ಮನೆಗೆ ಬಂದದ್ದು ಪೂರ್ತಿ ಹಂದಿಯಾಗಿ. ಮಂಚದ ಕೆಳಗೆ ನುಗ್ಗಿ ಕೂತಳು. ಊಟಕ್ಕೆ ಕರೆದರೆ ಬರಲೊಲ್ಲಳು. "ಅಜ್ಜಿ ರಾಜಮ್ಮನ ಥರ ಕರೀಬೇಕು, ಆಗ ಬರ್ತೀನಿ" ಎಂದು ಹಟ. ಸರೋಜ, "ಶಿವ ಶಿವ, ನನ್ನ ಬಾಯಲ್ಲಿ ಅದರ ಸ್ವರ ಹೊರಡಿಸ್ತೀಯೇನೇ?" ಎಂದು ಸಿಡಿದಳು. ನಾನೇ ರಾಜಮ್ಮನಂತೆ ಒಮ್ಮೆ ಗುರ್ ಎಂದೆ. "ನೀನಲ್ಲ ತಾತ, ನೀನು ಗೌಡ" ಎಂದು ಮಂಚದ ಕೆಳಗಿನಿಂದ ತೀರ್ಪು ಬಂತು. ಅನ್ನ ಆರಿತು. ಕೈತುತ್ತಿನ ತಟ್ಟೆ ಹಿಡಿದು ಸರೋಜ ಎದ್ದಳು, ಕೂತಳು, ಮತ್ತೆ ಎದ್ದಳು. ನಾನು ಕೈತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಬಹಳ ಸಣ್ಣಗೆ, ಸಂಕೋಚದಿಂದ, ಭಜನೆಯ ಶ್ರುತಿಯಲ್ಲೇ ಒಂದು ಗುರ್... ಗುರ್... ಕೇಳಿತು. ಹಿಂದೆಯೇ ಮಗುವಿನ ಕಿಲಕಿಲ. ನಾನು ಏನೂ ಕೇಳದವನ ಹಾಗೆ ಹೋಗಿ ಟಿವಿ ಹಾಕಿಕೊಂಡೆ. ಸಂಸಾರದಲ್ಲಿ ಕಿವಿ ಇರುವುದು ಎಷ್ಟು ಮುಖ್ಯವೋ, ಇಲ್ಲದಿರುವುದೂ ಅಷ್ಟೇ ಮುಖ್ಯ.

ಆದರೂ ವರಾಹಸ್ವಾಮಿಯ ಪಟ್ಟನ್ನು ಅವಳು ಬಿಡಲಿಲ್ಲ. ಪ್ರಾಣಿಗಳ ದಿನದ ಬೆಳಿಗ್ಗೆ ಮಗುವಿಗೆ ಕಿರೀಟ ಇಟ್ಟಳು, ಕೋರೆ ಕಟ್ಟಿದಳು. ಇಂಚರ ನೆಲದ ಮೇಲೆ ಭೂಮಂಡಲ ಇಟ್ಟು, ಮೂತಿಯಿಂದ ತಳ್ಳಲು ಬಗ್ಗಿದಳು. ಕಿರೀಟ ಠಣ್ಣೆಂದು ಬಿತ್ತು. ಎತ್ತಿ ಇಟ್ಟರೆ ಮತ್ತೆ ಬಿತ್ತು.

"ಕಿರೀಟ ಇದ್ರೆ ಬಗ್ಗೋಕಾಗಲ್ಲ ಅಜ್ಜಿ. ನಂಗೆ ದೇವರು ಬೇಡ. ಹಂದೀನೇ ಸಾಕು."

ಸರೋಜ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಅವಳು ನಿಟ್ಟುಸಿರು ಬಿಟ್ಟು ಕಿರೀಟವನ್ನು ಕಪಾಟಿನಲ್ಲಿಟ್ಟಳು. ಗುಲಾಬಿ ಫ್ರಾಕು, ರಟ್ಟಿನ ಕಿವಿ, ಕಾಗದದ ಲೋಟ ಕತ್ತರಿಸಿ ಮಾಡಿದ ಮೂತಿ; ಇಷ್ಟರಲ್ಲೇ ನಮ್ಮ ಹಂದಿ ಸಿದ್ಧವಾಯಿತು. ಭೂಮಂಡಲ ಮಾತ್ರ ಜೊತೆಗೆ ಬಂತು, ಚೆಂಡಾಗಿ.

ಶಾಲೆಯ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ತಂದೆತಾಯಿಗಳ ಮೊಬೈಲು. ಸಿಂಹ ಬಂದು ಗರ್ಜಿಸಿತು. ಮೊಲ ಕುಪ್ಪಳಿಸಿ ಕ್ಯಾರೆಟ್ ತಿಂದಿತು. ಆನೆ ಸೊಂಡಿಲು ಕಳಚಿ ಬಿದ್ದು ಅತ್ತಿತು. ಆಮೇಲೆ ಆಶಾ ಮಿಸ್, "ಈಗ ನಮ್ಮ ಇಂಚರ!" ಎಂದಳು.

ಇಂಚರ ಚೆಂಡು ತಬ್ಬಿಕೊಂಡು ವೇದಿಕೆಯ ನಡುವೆ ಬಂದು ನಿಂತಳು. ನಿಂತೇ ಇದ್ದಳು. ಮೈಕು ಕಾಯಿತು. ಆಶಾ ಮಿಸ್ ಬದಿಯಿಂದ, "ಹೇಳು ಚಿನ್ನ, ನಾನು ಹಂದಿ..." ಎಂದು ಪಿಸುಗುಟ್ಟಿದಳು. ಮಗುವಿನ ಒಂದು ಕೈ ಮೆಲ್ಲಗೆ ಫ್ರಾಕಿನ ಅಂಚನ್ನು ಹಿಡಿದು ಹಿಚುಕತೊಡಗಿತು. ಆ ಹಿಚುಕುವಿಕೆಯ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಇನ್ನೊಂದು ನಿಮಿಷ ಹೋದರೆ ಎಲ್ಲರೆದುರಿಗೆ ಫ್ರಾಕು ಒದ್ದೆಯಾಗುತ್ತದೆ. ಆಮೇಲೆ ಈ ಮಗು ಶಾಲೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ಕೇಳಿತು. ಗುರ್... ಗುರ್... ಗುರ್...

ಸಣ್ಣಗಲ್ಲ. ಎದೆಯಾಳದಿಂದ, ಶಾಮಿಯಾನದ ಆ ತುದಿಗೂ ಮುಟ್ಟುವ ಹಾಗೆ. ನನ್ನ ಪಕ್ಕದ ಕುರ್ಚಿಯಲ್ಲಿ, ಹಸಿರು ರೇಷ್ಮೆ ಸೀರೆಯುಟ್ಟು, ಹಣೆತುಂಬ ಕುಂಕುಮವಿಟ್ಟು ಕೂತಿದ್ದ ಸರೋಜ ಕತ್ತು ಮುಂದೆ ಚಾಚಿ, ಕಣ್ಣು ಮಗುವಿನ ಮೇಲೇ ನೆಟ್ಟು, ತಾಯಿ ಹಂದಿಯಾಗಿ ಗುರುಗುಟ್ಟುತ್ತಿದ್ದಳು. ಭಜನಾ ಮಂಡಳಿಯ ಇಬ್ಬರು ಎರಡು ಸಾಲು ಹಿಂದೆಯೇ ಇದ್ದರು. ಅವರು ಇರುವುದು ಅವಳಿಗೂ ಗೊತ್ತಿತ್ತು.

ಇಂಚರಳ ಕೈ ಫ್ರಾಕು ಬಿಟ್ಟಿತು. ಚೆಂಡು ನೆಲಕ್ಕಿಳಿಯಿತು. ಮಗು ನಾಲ್ಕು ಕಾಲಲ್ಲಿ ನಿಂತು, "ಗುರ್!" ಎಂದು ಉತ್ತರ ಕೊಟ್ಟು, ಕಾಗದದ ಮೂತಿಯಿಂದ ನೀಲಿ ಭೂಮಂಡಲವನ್ನು ತಳ್ಳುತ್ತಾ ತಳ್ಳುತ್ತಾ ವೇದಿಕೆಯ ಅಂಚಿಗೆ, ಅಜ್ಜಿಯ ಎದುರಿಗೇ ಬಂತು. ಅಲ್ಲಿ ಎದ್ದು ನಿಂತು, ಮೈಕಿನ ಹಂಗಿಲ್ಲದೆ ಕೂಗಿತು: "ನಾನು ಹಂದಿ! ನಂಗೆ ಬೆವರಲ್ಲ! ಅದಕ್ಕೆ ಕೆಸರಲ್ಲಿ ಮಲಗ್ತೀನಿ! ನಂದು ಕಕ್ಕಸ್ ಮೂಲೆ ಬೇರೆ ಇದೆ!"

ಚಪ್ಪಾಳೆಯೋ ಚಪ್ಪಾಳೆ. ಸರೋಜ ಕೈಮುಗಿದಿದ್ದಳು, ಕೆನ್ನೆ ಒದ್ದೆ. "ನೋಡಿದ್ರಾ, ಮೂತೀಲೇ ಭೂಮಿ ತಳ್ಕೊಂಡ್ ಬಂದ್ಳು" ಎಂದಳು. ಕಿರೀಟ ಮನೆಯ ಕಪಾಟಿನಲ್ಲಿತ್ತು.

ಸೋಮವಾರ ಮಧ್ಯಾಹ್ನ ಕರೆತರಲು ಹೋದರೆ ಆಶಾ ಮಿಸ್ ಗೇಟಿಗೇ ಓಡಿಬಂದಳು. ಪಾಠದ ನಡುವೆ ಇಂಚರ ತಾನಾಗಿ ಎದ್ದು ನಿಂತು, "ಮಿಸ್, ಮೂಲೆಗೆ ಹೋಗ್ಬೇಕು" ಎಂದಳಂತೆ. ಈಗ ಇಡೀ ತರಗತಿ ಅದನ್ನು ಮೂಲೆಯೆಂದೇ ಕರೆಯುತ್ತದಂತೆ. ಮೊಮ್ಮಗಳ ಒದ್ದೆಯಾಗದ ಫ್ರಾಕನ್ನು ನಾನು ಎರಡು ಸಲ ಮುಟ್ಟಿ ನೋಡಿದೆ. ಬದುಕಿನಲ್ಲಿ ಎಷ್ಟೋ ರೇಷ್ಮೆ ಮುಟ್ಟಿದ್ದೇನೆ. ಇಷ್ಟು ಹಿತವಾದ ಬಟ್ಟೆ ಮುಟ್ಟಿರಲಿಲ್ಲ. ಯಾರಿಗೆ ಕೃತಜ್ಞತೆ ಹೇಳಲಿ? ಆಶಾ ಮಿಸ್‌ಗೆ ಹೇಳಿದೆ. ಗೌಡನಿಗೆ ಫೋನ್ ಮಾಡಿ ಹೇಳಿದೆ. ಅವನು ರಾಜಮ್ಮನಿಗೆ ತಲುಪಿಸುವುದಾಗಿ ಮಾತು ಕೊಟ್ಟ. ಯಾವ ರಾಜಮ್ಮನಿಗೆ ಎಂದು ನಾನು ಕೇಳಲಿಲ್ಲ. ಹೆಂಡತಿಗೆ ಬಾಯಿಬಿಟ್ಟು ಹೇಳುವುದು ನಮ್ಮ ಕಾಲದವರಿಗೆ ರೂಢಿಯಿಲ್ಲ. ಆದರೂ ಅಂದು ಹೇಳಿದೆ. "ಸಾಕು ಸುಮ್ನಿರಿ" ಎಂದು ಅವಳು ಒಳಗೆ ಹೋದಳು, ಬರುವಾಗ ನಾನು ಕೇಳದೆಯೇ ಎರಡನೇ ಕಾಫಿ ತಂದಳು.

ಒಂದು ಸಾಲ ಮಾತ್ರ ಬಾಕಿಯಿತ್ತು. ಮರುದಿನ ಬಿಸಿಲು ನೆತ್ತಿಗೇರಿತು, ಗೇಟಿನ ಮುಂದೆ ಕರಿ ಹಂದಿ ಬಂತು. ಸರೋಜ ಚೊಂಬು ಹಿಡಿದು ಹೊರಟವಳು ಗೇಟಿನ ಬಳಿ ನಿಂತುಬಿಟ್ಟಳು.

"ರೀ, ಇದಕ್ಕೆ ಬೆವರಲ್ಲ ಅಲ್ವೇನ್ರೀ?"

"ಇಲ್ಲ."

"ಹಂಗಾದ್ರೆ ಇಷ್ಟು ವರ್ಷದಿಂದ ಇದು ಬರ್ತಿದ್ದದ್ದು..."

ನಾವಿಬ್ಬರೂ ಹಂದಿಯನ್ನು ನೋಡಿದೆವು. ಅದು ಎಂದಿನಂತೆ ತಲೆಯೆತ್ತಿ ಕಾಯುತ್ತಿತ್ತು. ಓಡಿಸಲೆಂದು ಎರಚಿದ ಒಂದೊಂದು ಚೊಂಬನ್ನೂ ಅದು ಉಪಚಾರವೆಂದೇ ತಿಳಿದು, ಕರೆದ ಮನೆಗೆ ಬರುವ ನೆಂಟರ ಹಾಗೆ ದಿನಾ ಹೊತ್ತಿಗೆ ಸರಿಯಾಗಿ ಬಂದಿತ್ತು. ನಮ್ಮ ಮೇಲೆ ಅದಕ್ಕೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ.

ಸರೋಜ ಒಳಗೆ ಹೋಗಿ ಚೊಂಬಿಟ್ಟು, ಬಕೆಟ್ಟು ತಂದಳು.